ಸ್ಕ್ರಿಪ್ಟ್‌ಗಳನ್ನು ಮಾಡ್ಯೂಲ್ ಆಗಿ ಸುತ್ತುವ ಪ್ಲಗಿನ್: ಬಿಲ್ಡ್ ಆಗುತ್ತದೆ, ಪುಟ ಓಡುವುದಿಲ್ಲ

ಪ್ರಶ್ನೆ:
ನಮ್ಮ ಹಳೇ ಪ್ರಾಜೆಕ್ಟ್‌ನಲ್ಲಿ 40 ಜಾವಾಸ್ಕ್ರಿಪ್ಟ್ ಫೈಲ್‌ಗಳಿವೆ. ಇಷ್ಟು ದಿನ ಒಂದರ ಹಿಂದೆ ಒಂದು ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಲೋಡ್ ಆಗುತ್ತಿದ್ದವು. ಈಗ ಗಲ್ಪ್‌ಗೆ (ಬಿಲ್ಡ್ ಕೆಲಸಗಳನ್ನು ತಾನಾಗಿ ಮಾಡುವ ಟೂಲ್) ಒಂದು ಪ್ಲಗಿನ್ ಹಾಕಿ ಪ್ರತಿ ಫೈಲನ್ನೂ ಕಾಮನ್‌ಜೆಎಸ್ ಮಾಡ್ಯೂಲ್ (ಬೇಕಾದ್ದನ್ನು ಮಾತ್ರ ಹೊರಗೆ ಕೊಡುವ ಪ್ರತ್ಯೇಕ ಕೋಡ್ ತುಂಡು) ಮಾಡಿದ್ದೇನೆ. ಬಿಲ್ಡ್‌ನಲ್ಲಿ ಒಂದೂ ಎರರ್ ಇಲ್ಲ, ಆದರೆ ಪುಟ ತೆರೆದ ಕೂಡಲೇ ‘ಸ್ಲೈಡರ್ ಈಸ್ ನಾಟ್ ಡಿಫೈನ್ಡ್’ ಅಂತ ಬರುತ್ತದೆ. ಫೈಲ್‌ನ ಮೊದಲ ಸಾಲಲ್ಲೇ ‘ವಾರ್ ಸ್ಲೈಡರ್’ (ಸ್ಲೈಡರ್ ಎಂಬ ವೇರಿಯಬಲ್‌ನ ಘೋಷಣೆ) ಇದೆಯಲ್ಲ! ಎರಡು ದಿನದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ, ಯಾರಾದರೂ ದಾರಿ ತೋರಿಸಿ.

ಉತ್ತರ 1:
ವಾರ್ ಇದೆ, ಆದರೆ ಅದು ಈಗ ಗ್ಲೋಬಲ್ ಅಲ್ಲ. ಪ್ಲಗಿನ್ ನಿಮ್ಮ ಕೋಡಿನ ಮುಂದೆ ಒಂದು ಫಂಕ್ಷನ್ ತೆರೆದು ಕೊನೆಯಲ್ಲಿ ಮುಚ್ಚುತ್ತದೆ, ಅಷ್ಟೇ. ಒಳಗಿನ ವಾರ್ ಹೊರಗಿನವರಿಗೆ ಕಾಣುವುದಿಲ್ಲ. ಫೈಲ್‌ನ ಕೊನೆಗೆ ‘ಮಾಡ್ಯೂಲ್.ಎಕ್ಸ್‌ಪೋರ್ಟ್ಸ್ = ಸ್ಲೈಡರ್’ ಸೇರಿಸಿ, ಬಳಸುವ ಕಡೆ ‘ರಿಕ್ವೈರ್’ ಮೂಲಕ ಅದನ್ನು ತರಿಸಿಕೊಳ್ಳಿ. 40ನ್ನೂ ಒಟ್ಟಿಗೆ ಮುಟ್ಟಬೇಡಿ. ಬೇರೆ ಯಾವ ಫೈಲನ್ನೂ ನಂಬಿಕೊಳ್ಳದ ಫೈಲ್‌ನಿಂದ ಶುರು ಮಾಡಿ, ಒಂದೊಂದನ್ನೇ ಓಡಿಸಿ ನೋಡುತ್ತಾ ಮೇಲಕ್ಕೆ ಬನ್ನಿ.

ಉತ್ತರ 2:
ಮೇಲಿನದು ಸರಿ. ಜೊತೆಗೆ ಫೈಲ್‌ನ ಕೊನೆಯ ಸಾಲನ್ನೂ ನೋಡಿ. ಅಲ್ಲಿ ಎರಡು ಸ್ಲ್ಯಾಶ್‌ನ ಕಾಮೆಂಟ್ ಇದ್ದು, ಆಮೇಲೆ ಹೊಸ ಸಾಲು ಇಲ್ಲದಿದ್ದರೆ, ಪ್ಲಗಿನ್ ಅಂಟಿಸುವ ಮುಚ್ಚುವ ಬ್ರಾಕೆಟ್ ಆ ಕಾಮೆಂಟ್ ಒಳಗೇ ಹೋಗಿಬಿಡುತ್ತದೆ. ನನಗೆ ಇದು ಹಿಡಿಯಲು ಇಡೀ ಸಂಜೆ ಬೇಕಾಯಿತು.

ಉತ್ತರ 3:
ಮುಂದೆ ಇಎಸ್ ಮಾಡ್ಯೂಲ್‌ಗೆ (ಜಾವಾಸ್ಕ್ರಿಪ್ಟ್ ಭಾಷೆಯದೇ ಆದ ಮಾಡ್ಯೂಲ್ ಪದ್ಧತಿ) ಹೋಗುವ ಯೋಚನೆ ಇದೆಯಾ? ಅಲ್ಲಿ ಸ್ಟ್ರಿಕ್ಟ್ ಮೋಡ್ (ಭಾಷೆಯ ಬಿಗಿ ನಿಯಮಗಳು) ತಾನಾಗಿಯೇ ಬರುತ್ತದೆ. ಯಾವ ಫಂಕ್ಷನ್ ಒಳಗೂ ಇಲ್ಲದ, ಮೇಲ್ಮಟ್ಟದ ‘ದಿಸ್’ ವಿಂಡೋ (ಬ್ರೌಸರ್‌ನ ಗ್ಲೋಬಲ್ ಆಬ್ಜೆಕ್ಟ್) ಆಗಿರುವುದಿಲ್ಲ, ಅನ್‌ಡಿಫೈನ್ಡ್ ಆಗಿರುತ್ತದೆ. ಹಳೇ ಕೋಡ್‌ನಲ್ಲಿ ‘ದಿಸ್.ಸ್ಲೈಡರ್’ ಥರದ್ದು ಜಾಸ್ತಿ ಇರುತ್ತದೆ ಅಲ್ವಾ, ಅದನ್ನು ಈಗಲೇ ಹುಡುಕಿ ತೆಗೆಯಿರಿ.

ಪ್ರಶ್ನೆ ಕೇಳಿದವರು:
ಎಕ್ಸ್‌ಪೋರ್ಟ್ ಸೇರಿಸಿದೆ, ಸ್ಲೈಡರ್ ಓಡಿತು! ಇನ್ನು 39 ಇವೆ.