ಶಿನ್ ಬೋನ್ ನೋವು, ಓಡುವ ಹಾಗಿಲ್ಲ. ಬೌಟ್‌ಗೆ ಎರಡೇ ತಿಂಗಳು. ದಮ್ಮು ಉಳಿಸಿಕೊಳ್ಳುವುದು ಹೇಗೆ?

ಹನುಮಂತನಗರ_60ಕೆಜಿ

ಎಲ್ಲರಿಗೂ ನಮಸ್ಕಾರ. ನನಗೆ 22 ವರ್ಷ. ಎರಡು ವರ್ಷದಿಂದ ಮನೆ ಹತ್ತಿರದ ಒಂದು ಸಣ್ಣ ಜಿಮ್‌ನಲ್ಲಿ ಬಾಕ್ಸಿಂಗ್ ಕಲಿಯುತ್ತಿದ್ದೇನೆ. ದಿನಾ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಆರು ಕಿಲೋಮೀಟರ್ ಓಡಿ, ಕೊನೆಗೆ ಕೆಂಪೇಗೌಡ ಗೋಪುರದ ಬಂಡೆಯನ್ನು ಐದು ಸಲ ಹತ್ತಿ ಇಳಿಯುತ್ತಿದ್ದೆ. ಮೂರು ವಾರದಿಂದ ಎರಡೂ ಕಾಲಿನ ಶಿನ್ ಬೋನ್ (ಮಂಡಿ ಕೆಳಗಿನ ಮುಂಭಾಗದ ಮೂಳೆ) ಒಳಭಾಗದಲ್ಲಿ ನೋವು. ಮೊದಲು ಓಡುವಾಗ ಮಾತ್ರ ಇತ್ತು, ಈಗ ಬಸ್ಸಿನ ಮೆಟ್ಟಿಲು ಇಳಿದರೂ ಗೊತ್ತಾಗುತ್ತದೆ. ಡಾಕ್ಟರ್ ಎಕ್ಸ್‌ರೇ ತೆಗೆಸಿದರು, ಏನೂ ಇಲ್ಲ. ಶಿನ್ ಸ್ಪ್ಲಿಂಟ್ಸ್, ಆರು ವಾರ ಓಡಬೇಡ ಅಂದರು.

ಎರಡು ತಿಂಗಳಿಗೆ ನನ್ನ ಮೊದಲ ಬೌಟ್, ಅಂದರೆ ಬಾಕ್ಸಿಂಗ್ ಪಂದ್ಯ, ಇದೆ. ಕೋಚ್ ಸರ್ ಹೇಳುವುದು ಒಂದೇ ಮಾತು: ರೋಡ್‌ವರ್ಕ್ (ರಸ್ತೆ ಓಟ) ಇಲ್ಲದೆ ಮೂರನೇ ರೌಂಡ್‌ನಲ್ಲಿ ಕೈ ಮೇಲೇಳುವುದಿಲ್ಲ. ಅದು ನಿಜ, ಸ್ಪಾರಿಂಗ್‌ನಲ್ಲಿ (ಅಭ್ಯಾಸದ ಕಾದಾಟದಲ್ಲಿ) ಅನುಭವಿಸಿದ್ದೇನೆ. ಓಟದ ಬದಲು ಸ್ಕಿಪ್ಪಿಂಗ್ ಜಾಸ್ತಿ ಮಾಡಿದರೆ ಸಾಕಾ? ಜಿಮ್‌ನಲ್ಲಿ ಒಂದು ಹಳೇ ಸೈಕಲ್ ಇದೆ. ಈಜು ಸ್ವಲ್ಪ ಬರುತ್ತದೆ. ಗಾಯ ಇಟ್ಟುಕೊಂಡು ಬೌಟ್‌ಗೆ ತಯಾರಾದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ರಾಜಾಜಿನಗರ ಸೌತ್‌ಪಾ

ಸ್ಕಿಪ್ಪಿಂಗ್ ಬೇಡವೇ ಬೇಡ ಗುರು. ಹಗ್ಗ ಸಣ್ಣದು ಅನಿಸುತ್ತದೆ, ಆದರೆ ಮೂರು ನಿಮಿಷದಲ್ಲಿ ಮುನ್ನೂರಕ್ಕೂ ಜಾಸ್ತಿ ಸಲ ಅದೇ ಕಾಲಿನ ಮೇಲೆ ಬೀಳುತ್ತೀಯ. ನಾನು ಓಟ ನಿಲ್ಲಿಸಿ ಹಗ್ಗ ಹಿಡಿದೆ. ಆರು ವಾರದ ನೋವು ನಾಲ್ಕು ತಿಂಗಳಾಯಿತು.

ಅಕ್ಕ_ಹಲಸೂರು

ತಮ್ಮಾ, ನಿನ್ನ ಪ್ರಶ್ನೆ ಓದಿ ನನ್ನ ಹಳೇ ದಿನಗಳು ನೆನಪಾದವು. ನನಗೆ ಈಗ 38. ಆಡುತ್ತಿದ್ದ ಕಾಲದಲ್ಲಿ ಬಲ ಮಂಡಿಯ ಮೆನಿಸ್ಕಸ್ (ಕೀಲಿನೊಳಗಿನ ಮೆತ್ತೆ) ಹರಿಯಿತು. ಆಗ ನಾನಿದ್ದ ಜಿಮ್‌ನಲ್ಲಿ "ಬ್ಯಾಂಡೇಜ್ ಸುತ್ತಿಕೊಂಡು ಓಡು" ಅಂದರು. ಒಂದು ವಾರ ಓಡಿದೆ. ಆಮೇಲೆ ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. ಆ ಒಂದು ವಾರದ ಬಗ್ಗೆ ಇವತ್ತಿಗೂ ಬೇಜಾರಿದೆ. ನೀನು ಡಾಕ್ಟರ್ ಮಾತು ಕೇಳು.

ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು-ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ನಿನ್ನ ಲೆಕ್ಕದಲ್ಲಿ 120ರಿಂದ 180 ಕೆಜಿ. ಅದೇ ಎದೆಮಟ್ಟದ ನೀರಿನಲ್ಲಿ ನಿಂತರೆ ಕಾಲಿಗೆ ತಾಗುವುದು ನಿನ್ನ ತೂಕದ ಸುಮಾರು ಮೂರರಲ್ಲಿ ಒಂದು ಪಾಲು. ಕಾಲು ನೆಲಕ್ಕೇ ತಾಗದಷ್ಟು ಆಳಕ್ಕೆ ಹೋದರೆ ಪೆಟ್ಟೇ ಇಲ್ಲ. ನನ್ನನ್ನು ಕಾಪಾಡಿದ್ದು ಈ ಆಳದ ನೀರಿನ ಓಟ.

ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು, ನೆಟ್ಟಗೆ ನಿಂತ ಹಾಗೆ ಇದ್ದು, ನೀರಿನಲ್ಲೇ ಓಡುವುದು. ಬೆಳಿಗ್ಗೆ ಆರರ ಬ್ಯಾಚ್‌ಗೆ ಹೋಗುತ್ತಿದ್ದೆ. ಡಿಸೆಂಬರ್ ಚಳಿ, ನೀರಿಗಿಳಿದ ತಕ್ಷಣ ಉಸಿರು ಹಿಡಿದ ಹಾಗಾಗುತ್ತಿತ್ತು. ಎದುರಿನ ಗೋಡೆಯಲ್ಲಿ ಒಂದು ಗಡಿಯಾರ, ಅದರಲ್ಲಿ ಕೆಂಪು ಸೆಕೆಂಡ್ ಮುಳ್ಳು. ಅದೇ ನನ್ನ ಗಂಟೆ. ಮುಳ್ಳು ಹನ್ನೆರಡಕ್ಕೆ ಬಂದರೆ ರೌಂಡ್ ಶುರು, ಮೂರು ಸುತ್ತು ಮುಗಿದರೆ ಒಂದು ನಿಮಿಷ ಸುಮ್ನೆ ತೇಲುವುದು. ನಿನ್ನ ಬೌಟ್ ಕೂಡ ಮೂರು ನಿಮಿಷದ ಮೂರು ರೌಂಡ್, ನಡುವೆ ಒಂದು ನಿಮಿಷ ಬಿಡುವು, ಅಲ್ವಾ? ಅದೇ ತಾಳದಲ್ಲಿ ಎದೆ ಏರಿ ಇಳಿಯುವುದನ್ನು ಕಲಿತರೆ ಸಾಕು. ಅದನ್ನು ರಸ್ತೆ ಮೇಲೇ ಕಲಿಯಬೇಕು ಅಂತ ಏನಿಲ್ಲ.

ಮೊದಲ ದಿನ ಎಲ್ಲರೂ ಮಾಡುವ ತಪ್ಪು ಮುಂದಕ್ಕೆ ಬಾಗುವುದು. ಬಾಗಿದರೆ ನಾಯಿ ಈಜಿದ ಹಾಗಾಗುತ್ತದೆ, ಕಾಲಿಗೆ ಕೆಲಸ ಇರುವುದಿಲ್ಲ. ಎದೆ ಎತ್ತು, ಮಂಡಿ ಸೊಂಟದ ಹತ್ತಿರ ಬರಲಿ, ಆಮೇಲೆ ಹಿಮ್ಮಡಿಯಿಂದ ನೀರನ್ನು ಹಿಂದಕ್ಕೆ ಒದೆ. ಮುಂದೆ ಹೋಗುವ ಆತುರ ಬೇಡ. ನೀರಿನಲ್ಲಿ ಎದೆಬಡಿತ ನೆಲದ ಮೇಲಿಗಿಂತ ಹತ್ತು-ಹದಿನೈದು ಕಡಿಮೆ ತೋರಿಸುತ್ತದೆ, ಹಾಗಾಗಿ ವಾಚ್ ನಂಬಬೇಡ. ಎರಡು ಪದ ಆಡಿದ ಮೇಲೆ ಉಸಿರು ಬೇಕು ಅನಿಸಿದರೆ ಸರಿಯಾಗಿ ಮಾಡುತ್ತಿದ್ದೀಯ ಅಂತ ಅರ್ಥ. ನಾನು ಆರು ರೌಂಡ್‌ನಿಂದ ಶುರು ಮಾಡಿ ಎಂಟಕ್ಕೆ ಹೋದೆ, ಪ್ರತಿ ರೌಂಡಿನ ಕೊನೆಯ 30 ಸೆಕೆಂಡ್ ಪೂರ್ತಿ ಜೋರು. ವಾರಕ್ಕೆ ಎರಡು ದಿನ ಹೀಗೆ, ಇನ್ನೊಂದು ದಿನ 40 ನಿಮಿಷ ನಿಧಾನವಾಗಿ. ಲೈಫ್‌ಗಾರ್ಡ್‌ಗೆ ಮೊದಲೇ ಹೇಳು, ಒಬ್ಬನೇ ಆಳಕ್ಕೆ ಇಳಿಯಬೇಡ.

ಸೈಕಲ್ಲೂ ಒಳ್ಳೆಯದೇ. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು, ಅಷ್ಟು ಎತ್ತರಕ್ಕೆ ಸೀಟು ಇಡು. 20 ಸೆಕೆಂಡ್ ಜೋರು, 10 ಸೆಕೆಂಡ್ ಬಿಡುವು ಅನ್ನುವ ಟಬಾಟಾ ಕೇಳಿರುತ್ತೀಯ. 1996ರಲ್ಲಿ ಬಂದ ಆ ಮೂಲ ಅಧ್ಯಯನ ನಡೆದಿದ್ದೇ ಸೈಕಲ್ ಮೇಲೆ, ಓಟದಲ್ಲಿ ಅಲ್ಲ. ವಾರಕ್ಕೊಂದು ಸಲ ಸಾಕು, ಅದು ಹಿಂಡಿಬಿಡುತ್ತದೆ. ರೋಯಿಂಗ್ ಮೆಷಿನ್ ನನಗೆ ಹಿಡಿಸಲಿಲ್ಲ. ಮಂಡಿ ಪೂರ್ತಿ ಮಡಚಬೇಕು, ಬ್ಯಾಗ್ ಹೊಡೆದ ದಿನ ಭುಜವೂ ಸೋತಿರುತ್ತದೆ.

ಫಿಸಿಯೋ_ಜಯನಗರ

ಮೇಲಿನ ಮಾತು ಸರಿ ಇದೆ. ಆದರೆ ಇವತ್ತೇ ಒಂದು ಪರೀಕ್ಷೆ ಮಾಡಿ. ಮೂಳೆಯ ಒಳಅಂಚನ್ನು ಬೆರಳಿನಿಂದ ಮೇಲಿನಿಂದ ಕೆಳಗೆ ಒತ್ತುತ್ತಾ ಬನ್ನಿ. ಒಂದು ಗೇಣಿನಷ್ಟು ಉದ್ದಕ್ಕೂ ನೋವಿದ್ದರೆ ಶಿನ್ ಸ್ಪ್ಲಿಂಟ್ಸ್ ಇರಬಹುದು. ಒಂದೇ ಚುಕ್ಕಿಯಲ್ಲಿ ಚುಚ್ಚಿದ ಹಾಗಿದ್ದರೆ, ಅಥವಾ ರಾತ್ರಿ ಮಲಗಿದಾಗಲೂ ನೋವಿದ್ದರೆ, ಸ್ಟ್ರೆಸ್ ಫ್ರಾಕ್ಚರ್ (ಮೂಳೆಯಲ್ಲಿ ಸಣ್ಣ ಬಿರುಕು) ಇರಬಹುದು. ಶುರುವಿನ ದಿನಗಳಲ್ಲಿ ಅದು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ, ಎಂಆರ್‌ಐ ಬೇಕಾಗುತ್ತದೆ. ಹಾಗೇನಾದರೂ ಇದ್ದರೆ ಮತ್ತೆ ಡಾಕ್ಟರ್ ಹತ್ತಿರ ಹೋಗಿ, ಬೌಟ್ ಯೋಚನೆ ಆಮೇಲೆ. ಓಟಕ್ಕೆ ಮರಳುವಾಗ ಮೊದಲು ನೋವಿಲ್ಲದೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಅದೂ ಮಣ್ಣಿನ ದಾರಿಯಲ್ಲಿ. ಬಂಡೆ ಸದ್ಯಕ್ಕೆ ಬೇಡ.

ಹನುಮಂತನಗರ_60ಕೆಜಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒತ್ತಿ ನೋಡಿದೆ. ಎಡಗಾಲಿನಲ್ಲಿ ಉದ್ದಕ್ಕೂ ನೋವಿದೆ. ಬಲಗಾಲಿನಲ್ಲಿ ಒಂದೇ ಜಾಗ, ನಾಣ್ಯದಷ್ಟು, ಅಲ್ಲಿ ಒತ್ತಿದರೆ ಕಣ್ಣಲ್ಲಿ ನೀರು ಬರುತ್ತದೆ. ಗುರುವಾರ ಮತ್ತೆ ಡಾಕ್ಟರ್ ಹತ್ತಿರ ಹೋಗಿ ಎಂಆರ್‌ಐ ಬಗ್ಗೆ ಕೇಳುತ್ತೇನೆ. ಕೋಚ್ ಸರ್‌ಗೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಟೂರ್ನಮೆಂಟ್ ಇದ್ದೇ ಇದೆ, ಮೊದಲು ತೋರಿಸು" ಅಂದರು. ಅಕ್ಕಾ, ಡಾಕ್ಟರ್ ನೀರಿಗೆ ಇಳಿಯಬಹುದು ಅಂದರೆ ಆ ಬೆಲ್ಟ್ ಎಲ್ಲಿ ಸಿಗುತ್ತದೆ?

ಅಕ್ಕ_ಹಲಸೂರು

ದುಡ್ಡು ಕೊಟ್ಟು ತಗೋಬೇಡ. ನನ್ನದು ಅಟ್ಟದ ಮೇಲಿದೆ, ಬಕಲ್ ಇನ್ನೂ ಗಟ್ಟಿಯಾಗಿದೆ. ಡಾಕ್ಟರ್ ಸರಿ ಅಂದರೆ ನನಗೊಂದು ಮೆಸೇಜ್ ಹಾಕು, ಭಾನುವಾರ ಲಾಲ್‌ಬಾಗ್ ಮೆಟ್ರೋ ಸ್ಟೇಷನ್ ಹತ್ತಿರ ತಂದುಕೊಡುತ್ತೇನೆ.