ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಬಿ.ಕಾಂ. ಅಕೌಂಟೆನ್ಸಿ ಕೈಹತ್ತುವುದೇ?

ಪ್ರಶ್ನೆ (ವಿದ್ಯಾರ್ಥಿನಿ, ಕಾರವಾರ):
ಪಿಯುಸಿಯಲ್ಲಿ ವಿಜ್ಞಾನ ಓದಿ ಈಗ ಬಿ.ಕಾಂ. ಮೊದಲ ಸೆಮಿಸ್ಟರಿನಲ್ಲಿದ್ದೇನೆ. ಗಣಿತ ನನಗೆ ಎಂದೂ ಕಷ್ಟವಾಗಿರಲಿಲ್ಲ. ಆದರೂ ಮೊದಲ ಕಿರುಪರೀಕ್ಷೆಯಲ್ಲಿ ಅತಿ ಕಡಿಮೆ ಅಂಕ ಬಂದದ್ದು ಅಕೌಂಟೆನ್ಸಿಯಲ್ಲೇ. ಕಾಮರ್ಸ್ ಓದಿ ಬಂದ ಗೆಳತಿಯರು ಸಲೀಸಾಗಿ ಬರೆದರು. ಈ ವಿಷಯದಲ್ಲಿ ಮುಂದೆ ಬರಲು ಹಿಂದಿನ ಓದು ಮುಖ್ಯವೋ, ಗಣಿತವೋ, ಇಂಗ್ಲಿಷೋ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ನಿವೃತ್ತ ಉಪನ್ಯಾಸಕ, ಕುಮಟಾ):
ಜರ್ನಲ್ (ವ್ಯವಹಾರಗಳನ್ನು ದಿನದಿನಕ್ಕೆ ಬರೆಯುವ ಪುಸ್ತಕ), ಲೆಡ್ಜರ್ (ಅವನ್ನು ಖಾತೆವಾರು ವಿಂಗಡಿಸುವ ಪುಸ್ತಕ) ಇವುಗಳ ಪರಿಚಯ ಮೊದಲೇ ಇದ್ದವರಿಗೆ ಆರಂಭದಲ್ಲಿ ಅನುಕೂಲವಾಗುವುದು ನಿಜ. ಆದರೆ ನಾನು ಪಾಠ ಮಾಡಿದ ವರ್ಷಗಳಲ್ಲಿ ಕಂಡಂತೆ, ಕಂಪನಿ ಲೆಕ್ಕಗಳಿಗೆ ಬರುವ ಹೊತ್ತಿಗೆ ಆ ಅಂತರ ಉಳಿಯುವುದಿಲ್ಲ. ಗಣಿತವೂ ಕೂಡಿಸು-ಕಳೆ, ಶೇಕಡಾ, ಅನುಪಾತಗಳಾಚೆ ಹೆಚ್ಚು ಬೇಕಾಗುವುದಿಲ್ಲ. ಹೆಚ್ಚಿನವರು ಎಡವುವುದು ಡೆಬಿಟ್-ಕ್ರೆಡಿಟ್‌ಗಳ ಅರ್ಥದಲ್ಲಿ. ನೀವು ಕಟ್ಟಿದ ಹಣವನ್ನು ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಎಂದು ಬರೆಯುವುದು ಅದು ಬ್ಯಾಂಕಿನ ಪಾಲಿಗೆ ನಿಮಗೆ ಕೊಡಬೇಕಾದ ಬಾಕಿಯಾಗಿರುವುದರಿಂದ. ನಿಮ್ಮ ಪುಸ್ತಕದಲ್ಲಿ ಅದೇ ಹಣ ಆಸ್ತಿ, ಆದ್ದರಿಂದ ಡೆಬಿಟ್. ಇದು ಮನಸ್ಸಿಗೆ ಇಳಿಯದೆ ನಿಯಮಗಳನ್ನು ಬಾಯಿಪಾಠ ಮಾಡಿದವರು ಹೊಂದಾಣಿಕೆ ನಮೂದುಗಳಲ್ಲಿ, ಎಂದರೆ ಬಾಕಿ, ಮುಂಗಡಗಳನ್ನು ವರ್ಷಾಂತ್ಯದಲ್ಲಿ ಸರಿಹೊಂದಿಸುವ ನಮೂದುಗಳಲ್ಲಿ, ಸೋಲುತ್ತಾರೆ. ಹಲಗೆಯ ಮೇಲಿನ ಲೆಕ್ಕವನ್ನು ನಕಲು ಮಾಡಿದರೆ ಸಾಲದು, ಸಂಜೆ ಉತ್ತರ ಮುಚ್ಚಿಟ್ಟು ಅದನ್ನೇ ಮತ್ತೆ ಬಿಡಿಸಿರಿ. ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಬಾಕಿಗಳ ಪಟ್ಟಿ) ತಾಳೆಯಾಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿರಿ. ಶೇಷವಿಲ್ಲದೆ ಭಾಗವಾದರೆ ಯಾವುದೋ ಸಂಖ್ಯೆಯಲ್ಲಿ ಅಂಕಿಗಳು ಅದಲುಬದಲಾಗಿರಬಹುದು: 5,400ನ್ನು 4,500 ಎಂದು ಬರೆದಿದ್ದರೆ 900 ವ್ಯತ್ಯಾಸ ಬರುತ್ತದೆ.

ಉತ್ತರ 2 (ಸಹಕಾರಿ ಸಂಘದ ಲೆಕ್ಕಿಗ, ಶಿರಸಿ):
ಪುಸ್ತಕದ ಲೆಕ್ಕಗಳ ಜೊತೆಗೆ ಮನೆಯ ವ್ಯವಹಾರವನ್ನೂ ಬರೆದು ನೋಡಿರಿ. 50,000 ರೂಪಾಯಿಯ ಅಡಿಕೆ ಮಾರಾಟವಾಗಿ, ಸಂಘವು 1,000 ದಲಾಲಿ ಮತ್ತು 20,000 ಸಾಲದ ಕಂತು ಮುರಿದುಕೊಂಡು ಉಳಿದ 29,000ವನ್ನು ಬೆಳೆಗಾರನ ಖಾತೆಗೆ ಜಮಾ ಮಾಡಿತು ಎನ್ನಿ. ನಮ್ಮಲ್ಲಿಗೆ ಕಲಿಯಲು ಬರುವ ಎಷ್ಟೋ ಪದವೀಧರರು ಬೆಳೆಗಾರನ ಪುಸ್ತಕದಲ್ಲಿ ಮಾರಾಟ 29,000 ಎಂದೇ ಬರೆದುಬಿಡುತ್ತಾರೆ. ಮಾರಾಟಕ್ಕೆ 50,000 ಕ್ರೆಡಿಟ್ ಆಗಬೇಕು. ದಲಾಲಿ, ಸಾಲ ಮತ್ತು ಸಂಘದ ಖಾತೆ ಈ ಮೂರಕ್ಕೂ ಡೆಬಿಟ್. ಇಂಗ್ಲಿಷಿನ ವಿಷಯಕ್ಕೆ ಬಂದರೆ, ‘ಔಟ್‌ಸ್ಟ್ಯಾಂಡಿಂಗ್’, ‘ಪ್ರೀಪೇಯ್ಡ್’, ‘ಅಕ್ರೂಡ್’ ಮೊದಲಾದ ನಾಲ್ವತ್ತು-ಐವತ್ತು ಪದಗಳ ಅರ್ಥ ಖಚಿತವಾದರೆ ಪ್ರಶ್ನೆಪತ್ರಿಕೆಯ ಭಾಷೆ ತೊಡಕಾಗದು.

ವಿದ್ಯಾರ್ಥಿನಿ:
ಇಬ್ಬರಿಗೂ ಧನ್ಯವಾದಗಳು. ಸರ್, ಆ 20,000 ಕಂತಿನಲ್ಲಿ 3,000 ಬಡ್ಡಿ ಸೇರಿದ್ದರೆ ಅದನ್ನು ಸಾಲದ ಖಾತೆಗೆ ಹಾಕಬಾರದು, ಬೇರೆ ಖರ್ಚಾಗಿ ತೋರಿಸಬೇಕು ಅಲ್ಲವೇ?

ಉತ್ತರ 2:
ಹೌದು. ಬಡ್ಡಿಗೆ 3,000, ಸಾಲಕ್ಕೆ 17,000 ಡೆಬಿಟ್. ಪೂರ್ತಿ 20,000ವನ್ನೂ ಸಾಲಕ್ಕೇ ಹಾಕಿದರೂ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆ, ಆದರೆ ಲಾಭ 3,000 ಹೆಚ್ಚಾಗಿ ಕಾಣುತ್ತದೆ.