ಸಹಾಯ ಬೇಕು: ಧಾರೆ ಸೀರೆಗೆ ಅಜ್ಜಿಯ ಕಾಸಿನ ಸರ ಹೇಗೆ ಹಾಕಲಿ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನನ್ನ ಮದುವೆ. ಧಾರೆಗೆ ಅರಿಶಿನ ಬಣ್ಣದ ಮೈಸೂರು ಸಿಲ್ಕ್ ತಗೊಂಡಿದ್ದೇನೆ. ಕೆಂಪು ಅಂಚು, ತೆಳು ಜರಿ. ಕೊರಳಿಗೆ ಅಜ್ಜಿಯ ಕಾಸಿನ ಸರವೇ ಬೇಕು ಅಂತ ಆಸೆ. ಹೊಟ್ಟೆಯವರೆಗೂ ಇಳಿಯುತ್ತದೆ, ಒಂದೊಂದು ಕಾಸಿನಲ್ಲೂ ಲಕ್ಷ್ಮಿ. ಕಂಚಿ ಸೀರೆಯ ತುಂಬು ಜರಿಯಲ್ಲಿ ಅದು ಎದ್ದು ಕಾಣುತ್ತಿರಲಿಲ್ಲ. ಅದಕ್ಕೇ ಸಾದಾ ಮೈಯ ಸೀರೆ ಆರಿಸಿದೆ.

ತೊಡಕಾಗಿರುವುದು ರವಿಕೆಯಿಂದ. ಬೋಟ್ ನೆಕ್, ಅಂದರೆ ಕೊರಳ ಬುಡದವರೆಗೂ ಮುಚ್ಚುವ ಅಗಲ ಕುತ್ತಿಗೆ ಹೊಲಿಸಿಬಿಟ್ಟೆ. ಅಮ್ಮ ಕೊಟ್ಟ, ಕೊರಳಿಗೆ ಒತ್ತಿ ಕೂರುವ ಕೆಂಪು ಹರಳಿನ ಅಡ್ಡಿಕೆ ಅರ್ಧ ಬಟ್ಟೆಯ ಮೇಲೆ ಕೂತು ಪಕ್ಕಕ್ಕೆ ಜಾರುತ್ತದೆ. ಕುತ್ತಿಗೆ ಆಳ ಮಾಡಿಸಲೇ? ಇಲ್ಲ, ಅಡ್ಡಿಕೆ ಬಿಟ್ಟು ಕಾಸಿನ ಸರ ಒಂದೇ ಹಾಕಿ, ಕಿವಿಗೆ ದೊಡ್ಡ ಜುಮುಕಿ ಹಾಕಿಕೊಳ್ಳಲೇ? ನನಗೇನೋ ಎರಡನೆಯದೇ ಚೆಂದ ಅನಿಸುತ್ತದೆ.

ಆದರೆ ಹಾರ ಬದಲಾಯಿಸಿದ ಮೇಲೆ ಉದ್ದ ಸರ ಹೂವಿನಡಿ ಮುಚ್ಚಿಹೋಗುತ್ತದೆ ಅಲ್ವಾ? ಅಜ್ಜಿ ಈಗಿಲ್ಲ. ಫೋಟೋದಲ್ಲಿ ಅವರ ಸರ ಕಾಣಲೇಬೇಕು ನನಗೆ.

ತಾಳಿ ಕಟ್ಟುವಾಗ ಸರದ ಕೊಕ್ಕೆಗೆ ಸಿಕ್ಕಿಕೊಳ್ಳದ ಹಾಗೆ ಏನು ಮಾಡಿದಿರಿ? ಕಾಸಿನ ಅಂಚು ರೇಷ್ಮೆಯ ಎಳೆ ಕೀಳುತ್ತದಾ? ಹೀಗೆ ಹಾಕಿಕೊಂಡವರು ಫೋಟೋ ಕಳಿಸಿದರೆ ದೊಡ್ಡ ಉಪಕಾರ. ಟೈಲರ್ ಶನಿವಾರದೊಳಗೆ ಹೇಳಿ ಅಂದಿದ್ದಾರೆ.